ಬಯಕೆ ಊಟಕ್ಕೆ ಮುಂಚೆ ಬಂದ ಕೂಸು

ಸಾಗರದಲ್ಲಿ ಗುತ್ಯಮ್ಮನ ಉಪ್ಪಿನಕಾಯಿ ತಿಂದವರು ಬಹಳ ಜನ ಇದ್ದಾರೆ. ಆದರೆ ಅವಳ ಬಾಯಿಂದ ‘ತಡೀರಿ’ ಅನ್ನಿಸಿಕೊಳ್ಳದೆ ತಿಂದವರು ಇಲ್ಲವೇ ಇಲ್ಲ. ಹೊಸನಗರದ ಕಡೆ ಹೋಗುವ ರಸ್ತೆಯಲ್ಲಿ ಊರು ಮುಗಿದು ಗದ್ದೆ ಶುರುವಾಗುವ ಜಾಗದಲ್ಲಿ ಅವಳ ಹೆಂಚಿನ ಮನೆ. ಮನೆಗೆ ಬೋರ್ಡಿಲ್ಲ, ಜಗಲಿಯ ಮೇಲೆ ಸಾಲಾಗಿ ಕೂತ ಭರಣಿಗಳನ್ನು ನೋಡಿಯೇ ಜನ ನಿಲ್ಲುತ್ತಾರೆ. ಕಾರಿನಲ್ಲಿ ಬಂದವರೂ ಅಷ್ಟೆ, ಸೊಪ್ಪಿನ ಬುಟ್ಟಿ ಹೊತ್ತು ನಡೆದು ಬಂದವರೂ ಅಷ್ಟೆ, “ಅಪ್ಪೆಮಿಡಿ ಐತಾ ಗುತ್ಯಮ್ಮ?” ಅಂದರೆ ಅವಳು ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಮುಟ್ಟುವುದೂ ಇಲ್ಲ.

“ಐತೆ. ತಡೀರಿ, ಇನ್ನೂ ಹದ ಬಂದಿಲ್ಲ.”

“ಹದ ಬರದು ಯಾವಾಗ?”

“ಬಂದಾಗ.”

ವ್ಯಾಪಾರ ಮಾಡುವವರು ಹೀಗೆ ಮಾತಾಡಿದರೆ ಅಂಗಡಿ ಮುಚ್ಚಬೇಕಾಗುತ್ತದೆ. ಗುತ್ಯಮ್ಮನದು ಮಾತ್ರ ಮುಚ್ಚಲಿಲ್ಲ, ಬೈದುಕೊಂಡು ಹೋದವರೇ ತಿಂಗಳು ಕಳೆದ ಮೇಲೆ ಬಾಟಲಿ ಹಿಡಿದುಕೊಂಡು ಬರುತ್ತಾರೆ. ಮಾವಿನ ಮಿಡಿ ಬರುವುದು ಹೊಸನಗರದಾಚೆಯ ನಗರ ಎಂಬ ಊರಿನ ಕಡೆಯಿಂದ, ಅವಳ ಗಂಡನ ಮೂಲ ಊರಿನ ಹೊಳೆದಂಡೆಯಿಂದ. ಗಂಡ ಚಂದ್ರಯ್ಯ ಆ ದಾರಿಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಈಗ ಕೆಲಸ ಬಿಟ್ಟರೂ ಮಿಡಿ ಕಾಲಕ್ಕೆ ಬಸ್ಸಿನ ತಲೆಯ ಮೇಲೆ ಮೂಟೆ ಹಾಕಿಸಿಕೊಂಡು ಬರುವುದು ಬಿಟ್ಟಿಲ್ಲ. ತೊಟ್ಟು ಮುರಿಯದ ಮಿಡಿಗಳನ್ನು ಗುತ್ಯಮ್ಮ ಒಂದೊಂದಾಗಿ ಒರೆಸಿ, ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಹಾಕಿ ಕಟ್ಟಿಡುತ್ತಾಳೆ. ದಿನ ಕಳೆದಂತೆ ಉಪ್ಪು ಮಿಡಿಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಉಬ್ಬಿಕೊಂಡಿದ್ದ ಮಿಡಿ ಮುರುಟುತ್ತದೆ, ಭರಣಿಯ ಮಟ್ಟ ಕೆಳಗಿಳಿಯುತ್ತದೆ. ಆಮೇಲೆ ಖಾರ, ಸಾಸಿವೆ. ಆಮೇಲೆ ಮತ್ತೆ ಕಾಯುವುದು. ಇದರಲ್ಲಿ ಅವಸರ ಮಾಡಿದವರ ಉಪ್ಪಿನಕಾಯಿ ಬೂಸಲು ಹಿಡಿಯುತ್ತದೆ ಎಂದು ಅವಳು ಹೆಸರು ಹೇಳದೆ ಪಕ್ಕದ ಕೇರಿಯ ಕಡೆ ನೋಡಿ ಹೇಳುವುದುಂಟು.

ಹೀಗೆ ಊರಿಗೆಲ್ಲ ‘ತಡಿ’ ಹಂಚಿದ ಗುತ್ಯಮ್ಮ ಒಬ್ಬಳಿಗೆ ಮಾತ್ರ ಆ ಮಾತನ್ನು ಹೇಳಿರಲಿಲ್ಲ. ಅವಳು ಮೊಮ್ಮಗಳು ಕವನಾ, ಮಗ ಮಂಜುನಾಥನ ಮಗಳು. ಹೇಳದಿರುವುದಕ್ಕೆ ಕಾರಣ ಇತ್ತು.

ಮಂಜುನಾಥ ಸಾಗರದ ಪೇಟೆಯಲ್ಲಿ ಲಗೇಜ್ ಆಟೊ ಓಡಿಸುತ್ತಾನೆ. ಅವನ ಹೆಂಡತಿ ಸ್ವಪ್ನಾ ಮೊದಲ ಸಲ ಬಸುರಿಯಾದ ವರ್ಷ ಮಿಡಿ ಬಲು ಚೆನ್ನಾಗಿತ್ತು. ಜೀರಿಗೆ ಪರಿಮಳದ ಮಿಡಿ ಬಿಡುವ ಒಂದು ಮರ ಹೊಳೆದಂಡೆಯಲ್ಲಿ ಇದೆ. ಆ ಒಂದೇ ಮರದ್ದನ್ನು ಗುತ್ಯಮ್ಮ ಬೇರೆ ಭರಣಿಗೆ ಹಾಕಿದ್ದಳು. ಸೊಸೆಗೆ ಬೇರೆ ಯಾವುದರ ಮೇಲೂ ಆಸೆ ಇರಲಿಲ್ಲ. ಬೆಳಿಗ್ಗೆ ಎದ್ದರೆ ಭರಣಿಯ ಕಡೆ ಕಣ್ಣು, ಊಟಕ್ಕೆ ಕೂತರೆ ಭರಣಿಯ ಕಡೆ ಕಣ್ಣು.

“ಅತ್ತೆ, ಒಂದೇ ಒಂದು ಮಿಡಿ.”

“ತಡಿ ಹೆಣ್ಣೇ. ಬಯಕೆ ಊಟದ ದಿನ ಬಿಚ್ಚಾನ. ನಿನ್ನ ಎಲೆಗೇ ಮೊದಲು ಬಡಿಸ್ತೀನಿ.”

ಅದು ಜಿಪುಣತನ ಅಲ್ಲ. ಏಳನೇ ತಿಂಗಳಲ್ಲಿ ಬಸುರಿಗೆ ಹಸಿರು ಬಳೆ ತೊಡಿಸಿ, ಅವಳು ಆಸೆಪಟ್ಟಿದ್ದನ್ನೆಲ್ಲ ಮಾಡಿ ಬಡಿಸುವ ಊಟ ಅದು. ಬೀಗರು ಬರುತ್ತಾರೆ, ನಾಲ್ಕು ಮನೆಯ ಹೆಂಗಸರು ಬರುತ್ತಾರೆ. ಉಪ್ಪಿನಕಾಯಿ ಗುತ್ಯಮ್ಮ ಸೊಸೆಯ ಬಯಕೆಗೆ ಹದ ಬರದ ಉಪ್ಪಿನಕಾಯಿ ಬಡಿಸಿದಳಂತೆ ಅನ್ನಿಸಿಕೊಂಡು ಬದುಕುವುದುಂಟೆ? ಹಾಗಾಗಿ ಸೊಸೆ ಕೇಳಿದಾಗಲೆಲ್ಲ ಅವಳು ನಗುತ್ತಲೇ ‘ತಡಿ’ ಅಂದಳು.

ಸ್ವಪ್ನಾ ತಡೆದಳು, ಹೊಟ್ಟೆಯೊಳಗಿನ ಕೂಸು ತಡೆಯಲಿಲ್ಲ. ಊಟಕ್ಕೆ ದಿನ ಗೊತ್ತು ಮಾಡಿ ಎಲ್ಲರನ್ನೂ ಕರೆದಾಗಿತ್ತು. ಇನ್ನೇನು ಆ ದಿನ ಬಂತು ಅನ್ನುವಾಗ ಸ್ವಪ್ನಾಳ ಕಾಲು ಮುಖ ಊದಿಕೊಂಡವು, ತಲೆ ಸಿಡಿಯಿತು, ಕಣ್ಣು ಮಂಜಾಯಿತು. ಸಾಗರದಲ್ಲಿ ಬಿ.ಪಿ. ನೋಡಿದವರು ಒಂದು ಮಾತೂ ಹೆಚ್ಚು ಆಡದೆ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಆಪರೇಷನ್ ಮಾಡಿ ಮಗು ತೆಗೆದರು. ಒಂದು ಕಿಲೋಗೆ ತುಸು ಮೇಲಿದ್ದ, ಈರುಳ್ಳಿ ಸಿಪ್ಪೆಯಷ್ಟು ತೆಳು ಚರ್ಮದ ಹೆಣ್ಣು ಕೂಸು.

ಸ್ವಪ್ನಾ ಹಾಸಿಗೆ ಬಿಟ್ಟು ಏಳುವ ಹಾಗಿರಲಿಲ್ಲ. ನರ್ಸು ಗುತ್ಯಮ್ಮನನ್ನೇ ಕರೆದು, ಕೈ ತೊಳೆಸಿ, ಕುರ್ಚಿಯಲ್ಲಿ ಒರಗಿಸಿ ಕೂರಿಸಿ, ಕೂಸನ್ನು ಅವಳ ಬರಿ ಎದೆಗೆ ಅಂಟಿಸಿ ಮೇಲೆ ಬಟ್ಟೆ ಸುತ್ತಿದರು. ಮೈಯ ಕಾವು ಕೂಸಿಗೆ ಬೇಕಂತೆ. ಗುತ್ಯಮ್ಮ ಅಲುಗಾಡದೆ ಕೂತಳು. ಕೂಸಿನ ಉಸಿರು ಒಮ್ಮೊಮ್ಮೆ ನಿಂತ ಹಾಗಾಗುತ್ತಿತ್ತು, ಆಗ ಅವಳ ಉಸಿರೂ ನಿಲ್ಲುತ್ತಿತ್ತು. ಒಂದು ಮಿಡಿ ಕೇಳಿದ್ದಕ್ಕೆ ತಡಿ ಅಂದೆನಲ್ಲ, ಹೊಟ್ಟೆಯೊಳಗಿನ ಜೀವದ ಬಯಕೆಗೆ ತಡಿ ಅಂದೆನಲ್ಲ ಎಂದು ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ನೀನೊಂದು ಉಳಿದುಕೋ ಕೂಸೆ, ನಿನಗೆ ಈ ಜನ್ಮದಲ್ಲಿ ತಡಿ ಅನ್ನುವುದಿಲ್ಲ ಎಂದು ಆ ಪುಟ್ಟ ನೆತ್ತಿಗೆ ಬಾಯಿಟ್ಟು ಹೇಳಿದಳು.

ಕೂಸು ಉಳಿಯಿತು. ಸಾಗರಕ್ಕೆ ವಾಪಸು ಬಂದ ದಿನ ಗುತ್ಯಮ್ಮ ಆ ಭರಣಿಯ ಬಟ್ಟೆ ಬಿಚ್ಚಿದಳು. ಭರಣಿ ಅವಳು ಎಣಿಸಿದ್ದಕ್ಕಿಂತ ಗೇಣುದ್ದ ಕೆಳಗಿಳಿದಿತ್ತು. ಈ ಸಲ ಮಿಡಿ ಎಷ್ಟು ಚೆನ್ನಾಗಿ ಮುರುಟಿದೆ, ತಿನ್ನಬೇಕಾದವಳಿಗೆ ಮಾತ್ರ ಸಿಗಲಿಲ್ಲ ಎಂದು ಅಲ್ಲೇ ಕೂತು ಅತ್ತಳು. ಆ ಭರಣಿಯನ್ನು ಮಾರಲಿಲ್ಲ. ಅದಕ್ಕೆ ‘ಕವನಾ ಭರಣಿ’ ಎಂದು ಹೆಸರಿಟ್ಟು ಒಳಗೆ ದೇವರ ಗೂಡಿನ ಕೆಳಗೆ ಇಟ್ಟಳು, ಪ್ರತಿ ವರ್ಷ ಅದೇ ಮರದ ಮಿಡಿಯಿಂದ ತುಂಬಿದಳು.

ಬಯಕೆ ತೀರದಿದ್ದರೆ ಹುಟ್ಟಿದ ಮಗುವಿನ ಕಿವಿ ಸೋರುತ್ತದೆ ಎಂದು ಹಳಬರು ಹೇಳುತ್ತಾರೆ. ಗುತ್ಯಮ್ಮ ದಿನಾ ಕೂಸಿನ ಕಿವಿ ಮುಟ್ಟಿ ನೋಡಿದಳು. ಸೋರಲಿಲ್ಲ. ಆದರೆ ಅಂಬೆಗಾಲಿಕ್ಕುವ ವಯಸ್ಸಿನಲ್ಲಿ ಅಜ್ಜಿಯ ಉಪ್ಪುನೀರಿನ ಬೆರಳನ್ನು ಕೂಸು ಹಿಡಿದು ಚೀಪಿತು, ಚೀಪಿ ಕಣ್ಣರಳಿಸಿ ಇನ್ನೊಂದು ಬೆರಳಿಗೆ ಕೈ ಚಾಚಿತು. ಗುತ್ಯಮ್ಮನಿಗೆ ಎಲ್ಲವೂ ಅರ್ಥವಾಗಿಹೋಯಿತು. ಅಮ್ಮನ ಹೊಟ್ಟೆಯಲ್ಲಿ ತೀರದ ಬಯಕೆ ಈಗ ಬಾಯಿಗೆ ಬಂದಿದೆ. ಅದನ್ನು ತೀರಿಸುವುದು ತನ್ನ ಕರ್ತವ್ಯ.

ತೀರಿಸಿದಳು. ಕವನಾಳ ಗಂಜಿಗೆ ಉಪ್ಪಿನಕಾಯಿ, ದೋಸೆಗೆ ಉಪ್ಪಿನಕಾಯಿ, ಶಾಲೆಯ ಡಬ್ಬಿಯಲ್ಲಿ ಉಪ್ಪಿನಕಾಯಿ, ಸಂಜೆ ಬ್ಯಾಗು ಬಿಸಾಡಿದ ತಕ್ಷಣ ಬರಿಗೈಗೆ ಒಂದು ಮಿಡಿ. ಚಂದ್ರಯ್ಯ ಒಮ್ಮೆ “ಎಂತ ಮಾರಾಯ್ತಿ, ಕೂಸನ್ನೇ ಭರಣಿಗೆ ಹಾಕ್ತೀಯೇನು?” ಎಂದು ಕೇಳಿದ್ದ. ಬಯಕೆಯ ವಿಷಯ ಗಂಡಸರಿಗೆ ಏನು ಗೊತ್ತು ಎಂದು ಬೈಸಿಕೊಂಡು ಸುಮ್ಮನಾಗಿದ್ದ. ಮಗು ಸಣಕಲಾಗಿದ್ದರೂ ಚುರುಕಾಗಿತ್ತು. ಶಿವಮೊಗ್ಗದವರು ಹೇಳಿದಂತೆ ಕಣ್ಣು ತೋರಿಸಿದರು, ಕಿವಿ ತೋರಿಸಿದರು, ಎರಡೂ ಸರಿಯಿದ್ದವು. ಮೂರು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಬಿ.ಪಿ. ನೋಡಿಸಿ ಎಂದೂ ಹೇಳಿ ಕಳಿಸಿದ್ದರು. ಅದು ಮಾತ್ರ ಯಾರ ನೆನಪಿನಲ್ಲೂ ಉಳಿಯಲಿಲ್ಲ. ಓಡಾಡಿಕೊಂಡಿರುವ ಮಗುವಿಗೆ ಬಿ.ಪಿ. ಎಂದರೆ ನಗುವ ಮಾತಾಗಿತ್ತು ಆ ಮನೆಯಲ್ಲಿ.

ಕವನಾ ಮೂರನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂತು. ಸ್ವಪ್ನಾ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗಿದ್ದರಿಂದ ಗುತ್ಯಮ್ಮನೇ ಕರೆದುಕೊಂಡು ಪೇಟೆಯ ಮಕ್ಕಳ ಡಾಕ್ಟರ ಹತ್ತಿರ ಹೋದಳು. ಡಾಕ್ಟರ್ ಚೈತ್ರಾ ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯ ಹುಡುಗಿ, ಬಂದು ಸ್ವಲ್ಪ ದಿನ ಆಗಿತ್ತು. ಜ್ವರ ಮಾಮೂಲಿಯದೇ. ಗಂಟಲು ನೋಡುತ್ತ ನೋಡುತ್ತ ಡಾಕ್ಟರು ಕೇಳಿದರು: “ತಿಂಗಳು ತುಂಬಿ ಹುಟ್ಟಿದ್ದಾ ಅಜ್ಜಿ ಇವಳು?”

“ಎಲ್ಲಿ ತುಂಬಿದ್ದು ಡಾಕ್ಟ್ರಮ್ಮ, ಬಯಕೆ ಊಟಕ್ಕಿಂತ ಮುಂಚೆನೇ ಬಂದ್ಬಿಟ್ಲು.”

ಬೇರೆ ಊರಿನವರಾಗಿದ್ದರೆ ಇದು ಯಾವ ಲೆಕ್ಕ ಎಂದು ಕೇಳುತ್ತಿದ್ದರು. ಚೈತ್ರಾ ಕೇಳಲಿಲ್ಲ. ಸಣ್ಣದೊಂದು ಪಟ್ಟಿ ತಂದು ಕವನಾಳ ತೋಳಿಗೆ ಸುತ್ತಿದರು. ಗಾಳಿ ತುಂಬಿದರು, ಬಿಟ್ಟರು. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರು, ಮತ್ತೊಮ್ಮೆ ನೋಡಿದರು.

“ಜ್ವರಕ್ಕೂ ಸ್ವಲ್ಪ ಏರುತ್ತೆ. ಜ್ವರ ಬಿಟ್ಟ ಮೇಲೆ ಒಮ್ಮೆ ಕರ್ಕೊಂಡು ಬನ್ನಿ,” ಅಂದರು. ಜ್ವರ ಬಿಟ್ಟ ಮೇಲೆ ಹೋದರೂ ಬಿ.ಪಿ. ಹಾಗೇ ಇತ್ತು. ಆಗ ಡಾಕ್ಟರು ಕವನಾಳಿಗೆ ಬಣ್ಣದ ಚಿತ್ರದ ಪುಸ್ತಕ ಕೊಟ್ಟು ಆಚೆ ಬೆಂಚಿಗೆ ಕಳಿಸಿ, ಗುತ್ಯಮ್ಮನ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು.

“ಹೆದರಬೇಡಿ ಅಜ್ಜಿ. ಕಾಯಿಲೆ ಬಂದಿದೆ ಅಂತ ನಾನು ಹೇಳ್ತಿಲ್ಲ. ನಮ್ಮ ಕಿಡ್ನಿ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜರಡಿಗಳು ಇರ್ತಾವೆ, ರಕ್ತ ಸೋಸೋಕೆ. ಅವು ಹೆಚ್ಚಾಗಿ ಹುಟ್ಟೋದು ಅಮ್ಮನ ಹೊಟ್ಟೆಯಲ್ಲಿ ಕಡೇ ತಿಂಗಳುಗಳಲ್ಲಿ. ಬೇಗ ಹೊರಗೆ ಬಂದ ಮಕ್ಕಳಿಗೆ ಆ ಕೆಲಸ ಪೂರ್ತಿ ಆಗಿರಲ್ಲ, ಆಮೇಲೆ ಹೊಸದು ಹುಟ್ಟೋದೂ ಇಲ್ಲ. ಸಸಿ ನೆಟ್ಟಿಗೆ ಹತ್ತು ಆಳು ಬೇಕಾದ ಗದ್ದೇನ ಆರು ಆಳು ಮಾಡಿದ ಹಾಗೆ. ಮಾಡಿ ಮುಗಿಸ್ತಾರೆ, ಆದ್ರೆ ಬೇಗ ಸುಸ್ತಾಗ್ತಾರೆ. ಬೇಗ ಹುಟ್ಟಿದ ಎಲ್ಲರಿಗೂ ಹಿಂಗಾಗುತ್ತೆ ಅಂತಲ್ಲ, ಆದ್ರೆ ನೋಡ್ಕೊಂಡಿರಬೇಕು. ಇವಳ ಬಿ.ಪಿ. ವಯಸ್ಸಿಗೆ ಇರಬೇಕಾದ್ದಕ್ಕಿಂತ ಮೇಲಿದೆ.”

ಮೂತ್ರ ಪರೀಕ್ಷೆಗೆ ಬರೆದರು, ಸ್ಕ್ಯಾನಿಂಗಿಗೆ ಬರೆದರು. ನೋವು, ಜ್ವರ ಅಂತ ಮೆಡಿಕಲ್ ಶಾಪಿನಿಂದ ಕೇಳದೆ ಮಾತ್ರೆ ತಂದು ನುಂಗಿಸಬೇಡಿ ಅಂದರು. ವಾಂತಿ ಭೇದಿ ಆದರೆ ತಡಮಾಡದೆ ಬನ್ನಿ ಅಂದರು. ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಬೇಗ ಹುಟ್ಟಿದ ಮಗು ಎಂದು ಮೊದಲು ಹೇಳಿ ಅಂದರು. ಕೊನೆಗೆ, “ಮುಖ್ಯ ಉಪ್ಪು. ಉಪ್ಪು ಜಾಸ್ತಿ ಇರೋದೇನಾದ್ರೂ ತಿಂತಾಳಾ? ಹಪ್ಪಳ, ಪ್ಯಾಕೆಟ್ ತಿಂಡಿ, ಉಪ್ಪಿನಕಾಯಿ?” ಎಂದು ಕೇಳಿದರು.

ಗುತ್ಯಮ್ಮನ ಬೆರಳ ಸಂದಿನಲ್ಲಿ ಸಾಸಿವೆ ಖಾರದ ಹಳದಿ ಇನ್ನೂ ಇತ್ತು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಎಲ್ಲ ಮಕ್ಕಳ ಥರಾನೇ ತಿಂತಾಳೆ,” ಅಂದಳು.

ಮನೆಗೆ ಬರುವ ದಾರಿಯಲ್ಲಿ ಅವಳಿಗೆ ಭರಣಿಯ ಮಿಡಿ ನೆನಪಾಯಿತು, ಉಪ್ಪು ಬಿದ್ದ ಮೇಲೆ ಮುರುಟಿ ಮುರುಟಿ ಸಣ್ಣಗಾಗುವ ಮಿಡಿ. ಬಸ್ಸಿನಲ್ಲಿ ಪಕ್ಕ ಕೂತ ಮೊಮ್ಮಗಳ ಸೊಂಟದ ಮೇಲೆ ಕೈಯಿಟ್ಟುಕೊಂಡೇ ಇದ್ದಳು. ಹೆದರಿದ್ದಳು, ಜೀವಮಾನದಲ್ಲಿ ಎರಡನೇ ಸಲ ಅಷ್ಟು ಹೆದರಿದ್ದಳು.

ಸಂಜೆ ಸ್ವಪ್ನಾ ಬಂದ ಮೇಲೆ ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ತಾನು ಡಾಕ್ಟರಿಗೆ ಹೇಳಿದ ಸುಳ್ಳನ್ನು ಮಾತ್ರ ಬಿಟ್ಟಳು. ಸ್ವಪ್ನಾ ಸೀದಾ ಅಡಿಗೆ ಮನೆಗೆ ಹೋಗಿ ಉಪ್ಪಿನ ಡಬ್ಬಿಯನ್ನು ಅಟ್ಟದ ಮೇಲಿಟ್ಟಳು. ಮರುದಿನದಿಂದ ಮನೆಯ ಅಡಿಗೆಯೆಲ್ಲ ಸಪ್ಪೆ. ಮಗಳಿಗೊಂದು ತಮಗೊಂದು ಮಾಡುವುದು ಬೇಡ ಎಂದು ಎಲ್ಲರಿಗೂ ಅದೇ. “ಇದು ಸಾರಾ, ಇಲ್ಲಾ ಪಾತ್ರೆ ತೊಳೆದ ನೀರಾ?” ಎಂದು ಚಂದ್ರಯ್ಯ ಕೇಳಿದ, ಸೊಸೆಯ ಮುಖ ನೋಡಿ ಇನ್ನೊಂದು ಸೌಟು ಹಾಕಿಸಿಕೊಂಡು ಉಂಡ. ಶಾಲೆಯ ಡಬ್ಬಿಯಿಂದ ಉಪ್ಪಿನಕಾಯಿ ಹೋಯಿತು, ತಟ್ಟೆಯಿಂದ ಹೋಯಿತು.

ಸಂಜೆಯ ಮಿಡಿ ಉಳಿದುಕೊಂಡಿತು. ಗುತ್ಯಮ್ಮ ಮೊದಲು ಗಟ್ಟಿಯಾಗಿಯೇ ಇದ್ದಳು. ಒಂದು ಸಂಜೆ ಕವನಾ ಬಂದವಳು ಏನೂ ಕೇಳದೆ ದೇವರ ಗೂಡಿನ ಹತ್ತಿರ ಹೋಗಿ, ಭರಣಿಯ ಬಟ್ಟೆಯನ್ನು ಮೂಸಿ ನೋಡಿ, ಎಂಜಲು ನುಂಗಿ ವಾಪಸು ಬಂದಳು. ಅದನ್ನು ನೋಡಲಾಗಲಿಲ್ಲ ಅಜ್ಜಿಗೆ. ಡಾಕ್ಟರಿಗೆ ಕಿಡ್ನಿ ಗೊತ್ತಿರಬಹುದು, ಬಯಕೆ ಗೊತ್ತಿದೆಯೆ? ಕೂಸಿನ ಅಮ್ಮನಿಗೆ ತಡಿ ಅಂದಿದ್ದೇ ಇಷ್ಟಕ್ಕೆಲ್ಲ ಮೂಲ, ಮತ್ತೆ ಅದೇ ಮಾತೆ? ಒಂದು ಮಿಡಿಯಿಂದ ಏನಾಗುತ್ತದೆ ಎಂದು ಕೊಟ್ಟಳು. ಮರುದಿನವೂ ಒಂದು ಮಿಡಿಯಿಂದ ಏನಾಗುತ್ತದೆ ಅಂದುಕೊಂಡಳು. ಅಮ್ಮನಿಗೆ ಹೇಳಬೇಡ ಎಂದು ಅವಳು ಹೇಳಲೇ ಇಲ್ಲ, ಕೂಸೇ ಅರ್ಥ ಮಾಡಿಕೊಂಡು ಬಾಯಿ ತೊಳೆದುಕೊಳ್ಳುತ್ತಿತ್ತು.

ಮುಂದಿನ ಸಲ ಡಾಕ್ಟರ ಹತ್ತಿರ ಸ್ವಪ್ನಾಳೂ ಹೋದಳು. ಮೂತ್ರ ಪರೀಕ್ಷೆ ಸರಿಯಿತ್ತು. ಸ್ಕ್ಯಾನಿಂಗಿನಲ್ಲಿ ಕಿಡ್ನಿಗಳು ವಯಸ್ಸಿಗೆ ಸ್ವಲ್ಪ ಸಣ್ಣವು ಎಂದು ಬಂದಿತ್ತು. ಬಿ.ಪಿ. ಮಾತ್ರ ಒಂದಿಷ್ಟೂ ಇಳಿದಿರಲಿಲ್ಲ.

“ಉಪ್ಪು ಕಮ್ಮಿ ಮಾಡಿದೀರಾ?”

“ಮಾಡಿದೀನಿ ಡಾಕ್ಟ್ರೆ. ದೇವರಾಣೆಗೂ ಮಾಡಿದೀನಿ. ಮನೆಯಲ್ಲಿ ಯಾರೂ ಉಪ್ಪು ತಿಂತಿಲ್ಲ.”

ಚೈತ್ರಾ ಹುಬ್ಬು ಗಂಟಿಕ್ಕಿದರು. “ಇನ್ನೊಂದು ಸಲ ನೋಡೋಣ. ಆಗಲೂ ಹಿಂಗೇ ಇದ್ರೆ ಕಿಡ್ನಿ ಡಾಕ್ಟರಿಗೆ ತೋರಿಸಬೇಕು, ಮಾತ್ರೆ ಶುರು ಮಾಡಬೇಕಾಗಬಹುದು.”

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಸ್ವಪ್ನಾ ಅತ್ತಳು. ಸುತ್ತ ಜನ ಇದ್ದಾರೆ ಎಂಬುದೂ ಅವಳಿಗೆ ಗೊತ್ತಾಗಲಿಲ್ಲ. “ನಾ ಎಂತ ತಪ್ಪು ಮಾಡ್ತಿದೀನಿ ಅತ್ತೆ? ಹೊಟ್ಟೆಯಲ್ಲೂ ಸರಿಯಾಗಿ ಇಟ್ಕಳಾಕಾಗ್ಲಿಲ್ಲ, ಈಗ ಒಂದು ಸಪ್ಪೆ ಅಡಿಗೆನೂ ಸರಿಯಾಗಿ ಮಾಡಾಕಾಗ್ತಿಲ್ವಾ?” ಕವನಾ ಅಮ್ಮನನ್ನು ನೋಡಿದಳು, ಆಮೇಲೆ ಅಜ್ಜಿಯನ್ನು ನೋಡಿದಳು. ಗುತ್ಯಮ್ಮ ಹೊಸನಗರದ ಬಸ್ಸು ಬಂತೇ ಎಂದು ಕತ್ತು ಉದ್ದ ಮಾಡಿ ನೋಡಿದಳು.

ಭೂಮಿ ಹುಣ್ಣಿಮೆ ಬಂತು. ಪೈರು ತೆನೆಗಟ್ಟಿದಾಗ ಭೂಮಿ ಬಸುರಿ. ಬಸುರಿಯೆಂದ ಮೇಲೆ ಅವಳಿಗೂ ಬಯಕೆ ಊಟ ಬಡಿಸಬೇಕು. ಅದಕ್ಕೆ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ ಚಿತ್ತಾರ ಬರೆದು, ಅದರಲ್ಲಿ ಅಡಿಗೆ ಹೊತ್ತು ಗದ್ದೆಗೆ ಹೋಗಬೇಕು. ಗುತ್ಯಮ್ಮನ ಕಡೆಯವರಲ್ಲಿ ಬುಟ್ಟಿಗೆ ಚಿತ್ತಾರ ಬರೆಯುವುದು ಹೆಂಗಸರ ಕೆಲಸ, ಸ್ವಪ್ನಾಳ ಕೈ ಅದರಲ್ಲಿ ಬಲು ಚೆಂದ. ಹುಣ್ಣಿಮೆಯ ಹಿಂದಿನ ಮಧ್ಯಾಹ್ನ ಜಗಲಿಯಲ್ಲಿ ಅವಳು ನಾರಿನ ಕಡ್ಡಿಯಲ್ಲಿ ಗೆರೆ ಎಳೆಯುತ್ತಿದ್ದಳು. ಗುತ್ಯಮ್ಮ ಇನ್ನೊಂದು ಬುಟ್ಟಿಗೆ ಕೆಮ್ಮಣ್ಣು ಸಾರಿಸುತ್ತಿದ್ದಳು. ನಡುವೆ ಕೂತ ಕವನಾ ಗೆರೆಗಳನ್ನು ನೋಡುತ್ತ ಕೇಳಿದಳು:

“ಅಜ್ಜಿ, ಭೂಮಿಗೇ ಬಯಕೆ ಊಟ ಹಾಕ್ತಾರೆ. ನಾ ಹೊಟ್ಟೇಲಿದ್ದಾಗ ಅಮ್ಮಂಗೆ ಹಾಕಿದ್ರಾ?”

ಗುತ್ಯಮ್ಮನ ಕೈ ನಿಂತಿತು. ಇನ್ನು ಆಗುವುದಿಲ್ಲ ಅನ್ನಿಸಿತು ಅವಳಿಗೆ.

“ಇಲ್ಲ ಕೂಸೆ, ಹಾಕ್ಲಿಲ್ಲ. ಸ್ವಪ್ನಾ, ಇಲ್ನೋಡು. ಕೂಸಿಗೆ ದಿನಾ ಸಂಜೆ ಮಿಡಿ ಕೊಡ್ತಿರದು ನಾನು. ಡಾಕ್ಟ್ರಮ್ಮ ಬೇಡ ಅಂದ ಮೇಲೂ ಕೊಟ್ಟೆ. ನಿನ್ನ ಅಡಿಗೆ ತಪ್ಪಲ್ಲ. ಅವತ್ತು ನೀ ಒಂದು ಮಿಡಿ ಕೇಳಿದ್ರೆ ತಡಿ ಅಂದೆ, ನಿನ್ನ ಬಯಕೆ ತೀರಲಿಲ್ಲ, ಅದು ಕೂಸಿನ ಬಾಯಿಗೆ ಬಂತು. ಅದನ್ನ ತೀರ್ಸಾನ ಅಂತ ಮಾಡಕ್ಕೆ ಹೋಗಿ…” ಮುಂದೆ ಹೇಳಲಾಗದೆ ಕೆಮ್ಮಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು.

ಸ್ವಪ್ನಾಳಿಗೆ ಸಿಟ್ಟು ಬಂತು. ಬರದೆ ಇರುತ್ತದೆಯೆ? ನಾರಿನ ಕಡ್ಡಿ ಎಸೆದು ಎದ್ದು ನಿಂತಳು. ಏನೋ ದೊಡ್ಡದಾಗಿ ಹೇಳಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು. ಅತ್ತೆ ಹೇಳಿದ್ದರಲ್ಲಿ ಒಂದು ಮಾತು ಅವಳಿಗೆ ನಿಧಾನವಾಗಿ ಕೇಳಿಸಿತು.

“ನನ್ನ ಬಯಕೆ ತೀರಲಿಲ್ಲ ಅಂತ ಯಾರು ಹೇಳಿದ್ರು ನಿಮಗೆ?”

ಗುತ್ಯಮ್ಮ ಕೈ ತೆಗೆದು ನೋಡಿದಳು.

“ನೀವು ಪೇಟೆಗೆ ಹೋದಾಗೆಲ್ಲ ಆ ಭರಣಿ ಬಟ್ಟೆ ಬಿಚ್ಚಿ ತಿಂತಿದ್ದೆ ಅತ್ತೆ. ಮತ್ತೆ ಅದೇ ಥರ ಗಂಟು ಹಾಕಿ ಇಡ್ತಿದ್ದೆ.”

“ಎಷ್ಟು ತಿಂದೆ?”

“ಎಣಿಸಿದ್ರೆ ಕಳ್ಳತನ ಆಗುತ್ತೆ ಅಂತ ಎಣಿಸ್ಲೇ ಇಲ್ಲ.”

“ಅಯ್ಯೋ ನಿನ್ನ! ಗೇಣುದ್ದ ಇಳಿದಿತ್ತಲ್ಲೇ ಭರಣಿ! ಮಿಡಿ ಮುರುಟೈತೆ ಅಂದ್ಕಂಡು ಕೂತ್ಕಂಡು ಅತ್ನಲ್ಲೇ ನಾನು!”

ಒಳಗಿನಿಂದ ಚಂದ್ರಯ್ಯ ನಕ್ಕ ಸದ್ದು ಕೇಳಿಸಿತು. ಗುತ್ಯಮ್ಮನಿಗೆ ನಗು ಬಂತು, ತಡೆಯಲಾಗದ ನಗು. ಅದರ ಜೊತೆಗೇ ಅಳುವೂ ಬಂತು. ಇಷ್ಟು ವರ್ಷ ತೀರಿಸಿದ್ದು ಎಂದೋ ತೀರಿಹೋಗಿದ್ದ ಬಯಕೆಯನ್ನು. ಕವನಾ ಅವರಿಬ್ಬರ ಮುಖ ನೋಡಿ, “ಹಂಗಾದ್ರೆ ನಂಗಿರೋದು ಬಯಕೆ ಅಲ್ವಾ ಅಜ್ಜಿ?” ಎಂದು ಕೇಳಿದಳು.

“ಅಲ್ವೇ ಅಲ್ಲ. ನಿಂಗಿರದು ಬಾಯಿ ಚಪಲ!”

ಸ್ವಪ್ನಾ ಮಾತ್ರ ನಗಲಿಲ್ಲ. ಮತ್ತೆ ಕೂತು, ಬುಟ್ಟಿಯ ಅಂಚನ್ನು ಉಗುರಿನಲ್ಲಿ ಕೆರೆಯುತ್ತ ಮೆಲ್ಲಗೆ ಹೇಳಿದಳು. ಕದ್ದು ತಿಂದ ಆ ಉಪ್ಪಿಗೇ ಬಿ.ಪಿ. ಏರಿತು, ಅದಕ್ಕೇ ಕೂಸು ತಿಂಗಳು ತುಂಬದೆ ಬಂತು, ಕೂಸಿನ ಕಿಡ್ನಿ ತಾನೇ ಹಾಳು ಮಾಡಿದ್ದು ಎಂದು. ಇದನ್ನು ಗಂಡನಿಗೂ ಹೇಳಿರಲಿಲ್ಲ ಅವಳು. ಒಂದೇ ಭರಣಿಯ ಪಕ್ಕ ಓಡಾಡಿಕೊಂಡು ಒಬ್ಬಳು ಕೊಡಲಿಲ್ಲವಲ್ಲ ಎಂದೂ ಇನ್ನೊಬ್ಬಳು ತಿಂದೆನಲ್ಲ ಎಂದೂ ವರ್ಷಗಟ್ಟಲೆ ಒಳಗೊಳಗೇ ಬೆಂದಿದ್ದರು. ಗುತ್ಯಮ್ಮ ಸೊಸೆಯ ತಲೆಯನ್ನು ಎಳೆದು ಎದೆಗೆ ಒತ್ತಿಕೊಂಡಳು. ಸ್ವಪ್ನಾಳ ಕೂದಲೆಲ್ಲ ಕೆಮ್ಮಣ್ಣಾಯಿತು, ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

ಚಂದ್ರಯ್ಯನ ಮೂಲ ಊರಿನ ಗದ್ದೆಯಲ್ಲಿ ಹುಣ್ಣಿಮೆ ಮುಗಿಸಿ ಬಂದ ಮರುದಿನ ಸಂಜೆ ಕವನಾ ಬ್ಯಾಗು ಬಿಸಾಡಿ ಎಂದಿನಂತೆ ದೇವರ ಗೂಡಿನ ಕಡೆ ಹೋದಳು. ಅಲ್ಲಿ ಭರಣಿ ಇರಲಿಲ್ಲ. ಜಗಲಿಗೆ ಬಂದು ನೋಡಿದರೆ ಮಾರುವ ಭರಣಿಗಳ ಸಾಲಿನಲ್ಲಿ ಕೂತಿತ್ತು.

“ಅಜ್ಜಿ, ಒಂದೇ ಒಂದು.”

ಗುತ್ಯಮ್ಮ ಊರಿಗೆಲ್ಲ ಸಲೀಸಾಗಿ ಹೇಳುತ್ತಿದ್ದ ಮಾತನ್ನು ಮೊದಲ ಸಲ ಮೊಮ್ಮಗಳಿಗೆ ಹೇಳಿದಳು: “ತಡಿ.”

ಕವನಾ ಅಜ್ಜಿಯನ್ನು ಹೊಸಬಳನ್ನು ನೋಡಿದಂತೆ ನೋಡಿದಳು. “ತಡಿ ಅಂದ್ರೆ ಎಲ್ಲಿ ತನಕ?”

ಗಿರಾಕಿಗಳಿಗೆ ಕೊಡುವ ಉತ್ತರ ಕೂಸಿಗೆ ಕೊಡಲಾಗಲಿಲ್ಲ. ಒಳಗೆ ಹೋಗಿ, ಜೀರಿಗೆ ಹುರಿದು ಪುಡಿ ಮಾಡಿ, ನಿಂಬೆ ಹಿಂಡಿ, ಉಪ್ಪಿಲ್ಲದ ಮಜ್ಜಿಗೆ ಮಾಡಿ ಲೋಟದಲ್ಲಿ ತಂದಿಟ್ಟಳು. ಕವನಾ ಮೂಸಿದಳು, ಜೀರಿಗೆಯ ಪರಿಮಳಕ್ಕೆ ಒಂದು ಗುಟುಕು ಕುಡಿದಳು, ಸಪ್ಪೆ ಎಂದು ಲೋಟ ತಳ್ಳಿ ಅತ್ತಳು. ಮೂರು ಸಂಜೆ ಹೀಗೇ ಅತ್ತಳು. ಆಮೇಲೆ ಸಿಟ್ಟಿನಲ್ಲೇ ಪೂರ್ತಿ ಕುಡಿದಳು. ಆಮೇಲಾಮೇಲೆ ನಿಂಬೆ ಇನ್ನೊಂದು ಚೂರು ಹಿಂಡು ಎಂದು ಹಕ್ಕಿನಿಂದ ಕೇಳತೊಡಗಿದಳು.

ಚಳಿ ಬಿದ್ದ ಮೇಲೆ ಮೂವರೂ ಡಾಕ್ಟರ ಹತ್ತಿರ ಹೋದರು. ಪಟ್ಟಿ ಸುತ್ತುವ ಮೊದಲೇ ಗುತ್ಯಮ್ಮ ನಿಂತುಕೊಂಡು ಸುಳ್ಳು ಹೇಳಿದ್ದನ್ನೂ ಮಿಡಿ ಕೊಟ್ಟಿದ್ದನ್ನೂ ಒಪ್ಪಿಸಿದಳು. ಸ್ವಪ್ನಾ ಬಸುರಿಯಾಗಿದ್ದಾಗ ಕದ್ದು ತಿಂದಿದ್ದನ್ನು ಒಪ್ಪಿಸಿದಳು. ಡಾಕ್ಟರ್ ಚೈತ್ರಾ ನಗು ತಡೆದುಕೊಂಡರು. “ನಿಮ್ಮ ಉಪ್ಪಿನಕಾಯಿಗೆ ಬೇಗ ಹೆರಿಗೆ ಆಗಿದ್ದಲ್ಲ ಸ್ವಪ್ನಾ. ಬಸುರಿನಲ್ಲಿ ಹಂಗೆ ಬಿ.ಪಿ. ಏರೋದು ಕೆಲವರಿಗೆ ಬರುತ್ತೆ, ಯಾಕೆ ಅಂತ ನಮಗೇ ಪೂರ್ತಿ ಗೊತ್ತಿಲ್ಲ. ಅದನ್ನ ಮನಸ್ಸಿಂದ ತೆಗೀರಿ,” ಅಂದರು. ಸ್ವಪ್ನಾ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು.

ಕವನಾಳ ಬಿ.ಪಿ. ಇಳಿದಿತ್ತು. ಪೂರ್ತಿ ಅಲ್ಲ, ಆದರೆ ಮಾತ್ರೆ ಬೇಡದಷ್ಟು ಇಳಿದಿತ್ತು. ಡಾಕ್ಟರು ಎರಡು ಸಲ ನೋಡಿಯೇ ಹೇಳಿದರು. “ಹಿಂಗೇ ಮುಂದುವರಿಸಿ. ಇರೋ ಜರಡಿಗಳನ್ನ ಜೋಪಾನ ಮಾಡೋದೇ ನಮ್ಮ ಕೆಲಸ. ಸದ್ಯ ಆಗಾಗ ಬನ್ನಿ, ಸರಿ ಇದ್ರೆ ಆಮೇಲೆ ವರ್ಷಕ್ಕೊಮ್ಮೆ. ದೊಡ್ಡವಳಾದ ಮೇಲೂ ಬಿಡೋ ಹಾಗಿಲ್ಲ.”

ವಾಪಸು ಬಂದಾಗ ಜಗಲಿಯಲ್ಲಿ ಗಿರಾಕಿ ಕಾಯುತ್ತಿದ್ದ. ಚಂದ್ರಯ್ಯ ಅವನಿಗೆ ಕವನಾ ಭರಣಿಯಿಂದಲೇ ಬಾಟಲಿ ತುಂಬಿ ಕೊಡುತ್ತಿದ್ದ. ಜೀರಿಗೆ ಮಿಡಿಯ ಪರಿಮಳ ಅಂಗಳದವರೆಗೆ ಬಂದಿತ್ತು. ಕವನಾ ನಿಂತು ಒಮ್ಮೆ ಮೂಗು ತುಂಬ ಎಳೆದುಕೊಂಡಳು. ಗಿರಾಕಿ ಹೋದ ಮೇಲೆ ಅಜ್ಜಿಯ ಪಕ್ಕ ಬಂದು ಕೂತು, ಮರೆಯದೆ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಮತ್ತೆ ಕೇಳಿದಳು.

“ಅಜ್ಜಿ, ನೀ ಅವತ್ತು ಹೇಳ್ಲೇ ಇಲ್ಲ. ತಡಿ ಅಂದ್ರೆ ಎಲ್ಲಿ ತನಕ?”

ಈ ಸಲ ಗುತ್ಯಮ್ಮನ ಹತ್ತಿರ ಉತ್ತರ ಇತ್ತು.

“ನೀ ನನ್ನಷ್ಟು ಮುದುಕಿ ಆಗೋ ತನಕ.”

ಕವನಾ ಅಜ್ಜಿಯ ನೆರೆತ ಕೂದಲನ್ನೂ ಕೈಯ ಸುಕ್ಕನ್ನೂ ನೋಡಿದಳು. “ಅಷ್ಟು ದಿನ ಇರ್ತೀನಾ ನಾನು?”

“ಇರ್ಬೇಕು ಕೂಸೆ. ಅದಕ್ಕೇ ತಡಿ ಅಂದಿದ್ದು.”